ಬಲದಿಂದ ನಾಲ್ಕನೆಯ ಕಂತೆ

ಗ್ರಂಥಾಲಯದ ನೆಲಮಾಳಿಗೆಯ ಬೈಂಡಿಂಗ್ ಕೋಣೆಯಲ್ಲಿ ಮೂವತ್ತೈದು ವರ್ಷ ಪುಸ್ತಕ ಹೊಲಿದ ಮುದುಕನಿಗೆ ಗೋಂದಣ್ಣ ಎಂದೇ ಹೆಸರಾಗಿತ್ತು. ಬೆರಳ ಸಂದಿಯಲ್ಲಿ ಯಾವಾಗಲೂ ಒಣಗಿದ ಗೋಂದು ಇರುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ನಿವೃತ್ತನಾದ ಮೇಲೆ ಅದೂ ಇಲ್ಲ. ಓದಿದ್ದು ಮೂರನೆಯ ಕ್ಲಾಸು. ಆದರೆ ಯಾವ ಪುಸ್ತಕವನ್ನೇ ಕೈಗೆ ಕೊಡಿ, ಬೆನ್ನು ಸವರಿ ಇದು ಎಷ್ಟು ಸಲ ನೆಲಕ್ಕೆ ಬಿದ್ದಿದೆ, ಯಾವ ಪುಟದಲ್ಲಿ ಜನ ನಿಂತು ನಿಂತು ಓದಿದ್ದಾರೆ, ಎಲ್ಲಿಂದ ಮುಂದೆ ಯಾರೂ ಹೋಗಿಲ್ಲ, ಎಲ್ಲವನ್ನೂ ಹೇಳಿಬಿಡುತ್ತಿದ್ದ.

ನಿವೃತ್ತನಾಗಿ ಒಂಬತ್ತು ವರ್ಷದ ಮೇಲೆ ಅವನನ್ನು ಮತ್ತೆ ಕರೆಸಿದವರು ಮೇಡಂ. ಆ ಕಟ್ಟಡದಲ್ಲಿ ಪಾಠ ಹೇಳುವ ಹೆಂಗಸರು ಹತ್ತಾರು ಮಂದಿ ಇದ್ದರೂ ಬರೀ ‘ಮೇಡಂ’ ಎಂದರೆ ಒಬ್ಬರೇ. ಆಟೋಮನ್ ಸುಲ್ತಾನರ ಕಾಲದ ಜನಜೀವನದ ಇತಿಹಾಸ ಅವರ ಕಸುಬು. ಇನ್ನು ಹದಿನಾರು ದಿನಕ್ಕೆ ಅವರೂ ನಿವೃತ್ತರಾಗುವವರು. ಕೊನೆಯ ಉಪನ್ಯಾಸದ ದಿನ ತಮ್ಮ ಬಳಿಯ ಹಳೆಯ ದಫ್ತರದ ಸಂಪುಟವನ್ನು ಗ್ರಂಥಾಲಯಕ್ಕೆ ಒಪ್ಪಿಸಬೇಕೆಂದು ಅವರ ಆಸೆ.

"ಬೆನ್ನು ಬಿಟ್ಟುಕೊಂಡಿದೆ ಗೋಂದಣ್ಣ, ನನ್ನ ಹಾಗೇ," ಎಂದು ದಪ್ಪ ಸಂಪುಟವನ್ನು ಅವನ ಮೇಜಿನ ಮೇಲಿಟ್ಟರು. "ಹೊಲಿದವರು ನೀವೇ, ಬಿಚ್ಚೋರೂ ನೀವೇ ಆಗ್ಬೇಕು. ಬೇರೆಯವರ ಕೈಗೆ ಕೊಡೋಕೆ ನಂಗೆ ಮನಸ್ಸಿಲ್ಲ."

"ನನ್ನ ಹೊಲಿಗೆ ಮೂವತ್ತೊಂದು ವರ್ಷ ತಡೀತಲ್ಲಮ್ಮ, ಪರವಾಗಿಲ್ಲ," ಎಂದ ಗೋಂದಣ್ಣ. "ಈಗಿನ ಪುಸ್ತಕಗಳು ಕನ್ನಡಕ ಹಾಕ್ಕೊಂಡು ದಿಟ್ಟಿಸಿ ನೋಡಿದ್ರೇ ಬಿಚ್ಚಿಕೊಳ್ತವೆ."

ಆ ಸಂಪುಟ ಎಂಥದ್ದೆಂದು ಅವನಿಗೆ ಚೆನ್ನಾಗಿ ಗೊತ್ತು. ಮುನ್ನೂರು ವರ್ಷದ ಹಿಂದೆ ಆಟೋಮನ್ನರ ಒಂದು ಪೇಟೆಯಲ್ಲಿ ಖಾಜಿಯ ಕಚೇರಿ ಇತ್ತು. ಮದುವೆ, ವಿಚ್ಛೇದನ, ಗೋಡೆಯ ಜಗಳ, ಆಸ್ತಿಯ ಪಾಲು, ಯಾರು ಯಾವ ತಕರಾರು ತಂದರೂ ಗುಮಾಸ್ತ ಅದನ್ನು ಬರೆದಿಟ್ಟುಕೊಳ್ಳುತ್ತಿದ್ದ. ಕೆಳಗೆ ಆ ಹೊತ್ತು ಹಾಜರಿದ್ದ ಸಾಕ್ಷಿಗಳನ್ನು ಸಾಲಾಗಿ ಕಾಣಿಸುತ್ತಿದ್ದ: ಕುದುರೆಯ ತಡಿ ಹೊಲಿಯುವವನು, ನೀರು ಹೊರುವವನು, ಕುಂಟ ಬಡಗಿಯ ಮಗ. ಅಂಥ ಒಂದು ದಫ್ತರದ ಫೋಟೋ ಪ್ರತಿ ಇದು. ಮೂಲ ದಫ್ತರ ಇದ್ದ ಕಟ್ಟಡಕ್ಕೆ ಆಮೇಲೆ ಹೊಳೆ ನುಗ್ಗಿ ಎಲ್ಲ ಅಂಬಲಿಯಾಯಿತು. ಫೋಟೋ ತೆಗೆದ ಫಿಲ್ಮೂ ಹುಳಿ ವಾಸನೆ ಹಿಡಿದು ಸುರುಟಿತು. ಹಾಗಾಗಿ ಆ ಪೇಟೆಯ ಜನ ಈ ಲೋಕದಲ್ಲಿ ಉಳಿದಿದ್ದು ಗೋಂದಣ್ಣ ಹೊಲಿದ ಈ ಒಂದು ಸಂಪುಟದಲ್ಲಿ ಮಾತ್ರ. ಎಲ್ಲೆಲ್ಲಿಂದಲೋ ವಿದ್ವಾಂಸರು ಇದನ್ನು ನೋಡಲು ಬರುತ್ತಿದ್ದರು.

ಮೇಡಂ ಈ ಊರಿಗೆ ಬಂದಾಗ ಮೂವತ್ತು ತುಂಬಿರಲಿಲ್ಲ. ಅರಬಿ ಅಕ್ಷರದಲ್ಲಿ ಗೀಚಿದ ಆ ಹಳೆಯ ತುರ್ಕಿಯನ್ನು ಓದುವುದೆಂದರೆ ಕಾಗೆ ಕಾಲು ಗುಬ್ಬಿ ಕಾಲು ಬಿಡಿಸಿದ ಹಾಗೆ. ಒಂದು ಪುಟಕ್ಕೆ ಒಂದು ದಿನ. ಕೆಲವಕ್ಕೆ ಒಂದು ವಾರ. ನೆಲಮಾಳಿಗೆಯಲ್ಲಿ ಫ್ಯಾನಿನ ಗಾಳಿಗೆ ಹಾಳೆ ಹಾರುತ್ತದೆಂದು ಬೇಸಗೆಯಲ್ಲೂ ಫ್ಯಾನು ಹಾಕುತ್ತಿರಲಿಲ್ಲ. ಸೆಕೆಗೆ ಮುಖ ಕೆಂಪಾಗಿ, ಭೂತಗನ್ನಡಿ ಹಿಡಿದು, ತುಟಿ ಅಲ್ಲಾಡಿಸುತ್ತ ಕೂತಿರುವ ಹುಡುಗಿಯನ್ನು ನೋಡಿ ಗೋಂದಣ್ಣ ಮೊದಮೊದಲು ಜಪ ಮಾಡುತ್ತಿದ್ದಾಳೆ ಎಂದುಕೊಂಡಿದ್ದ.

ಅದೇ ವಿಭಾಗದಲ್ಲಿ ಇನ್ನೊಬ್ಬರಿದ್ದರು. ಸುಲ್ತಾನರ ಯುದ್ಧ, ಸುಲ್ತಾನರ ಕೋಟೆ ಬಿಟ್ಟು ಬೇರೆ ಮಾತೇ ಆಡದವರು; ಹುಡುಗರು ಅವರಿಗೆ ಸುಲ್ತಾನ್ ಸಾಹೇಬರು ಎಂದೇ ಹೆಸರಿಟ್ಟಿದ್ದರು. ಅವರು ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಕೆಣಕುವರು. "ಏನು ಮೇಡಂ, ನಿಮ್ಮ ಓಣಿಯಲ್ಲಿ ಇವತ್ತು ಯಾರ ಹೆಂಡತಿ ಯಾರ ಮೇಲೆ ಕೂಗಾಡಿದಳು?"

"ಕೂಗಾಡಿದ್ದು ಮಾತ್ರ ಅಲ್ಲ ಸಾರ್, ಗೆದ್ದಳು," ಎನ್ನುವರು ಮೇಡಂ. "ನಿಮ್ಮ ಸುಲ್ತಾನರು ಆ ವರ್ಷ ಯುದ್ಧದಲ್ಲಿ ಸೋತರು ನೋಡಿ, ಅದೇ ವಾರ."

ಮಧ್ಯಾಹ್ನ ಚಹಾ ಕುಡಿಯುವಾಗ ಗೋಂದಣ್ಣನ ಸ್ಟೂಲಿನ ಪಕ್ಕ ನೆಲದ ಮೇಲೇ ಕೂತು ಅಂದು ಓದಿದ್ದನ್ನು ಹೇಳುವುದು ಅವರ ರೂಢಿ. "ಅಲ್ಲಿನ ಜನ ಹೀಗೇ, ಅಲ್ಲಿ ಹೆಂಗಸರಿಗೆ ಬಾಯೇ ಇರ್ಲಿಲ್ಲ ಅಂತ ಜನ ಒಂದೇ ಗೆರೆ ಎಳೆದುಬಿಡ್ತಾರೆ ಗೋಂದಣ್ಣ. ನಾನು ದಿನಾ ನೋಡ್ತಿದೀನಿ. ತಮ್ಮ ಕಾಲ ಮೇಲೆ ನಡ್ಕೊಂಡು ಕಚೇರಿಗೆ ಬರ್ತಾರೆ, ಸ್ವಂತ ಅಣ್ಣನ ಮೇಲೇ ದಾವೆ ಹಾಕ್ತಾರೆ." ಹೀಗೆ ಆ ಪೇಟೆಯ ಬಣ್ಣಗಾರರ ಓಣಿ ಗೋಂದಣ್ಣನಿಗೆ ತನ್ನ ಬೀದಿಯಷ್ಟೇ ಪರಿಚಯವಾಯಿತು. ಅದರಲ್ಲೂ ಒಬ್ಬಳು ಅವನ ಮನಸ್ಸಿನಲ್ಲಿ ಕೂತುಬಿಟ್ಟಿದ್ದಳು. ನೀಲಿ ಬಣ್ಣದ ತೊಟ್ಟಿಯಲ್ಲಿ ದುಡಿಯುವ ವಿಧವೆ. ಗಂಡನ ತೊಟ್ಟಿಗಳನ್ನು ತಾನೇ ನಡೆಸುತ್ತೇನೆಂದು ಖಾಜಿಯ ಮುಂದೆ ನಿಂತಾಗ ಬಣ್ಣಗಾರರ ಹಿರಿಯರೆಲ್ಲ ಅವಳ ಪರವಾಗಿ ಸಾಕ್ಷಿ ನುಡಿದಿದ್ದರು. ಗೋಂದಣ್ಣ ಮನೆಗೆ ಹೋಗಿ ಹೆಂಡತಿಗೂ ಹೇಳಿದ್ದ. ಇಬ್ಬರೂ ಅವಳನ್ನು ನೀಲಿಗೈಯವಳು ಎಂದೇ ಕರೆಯುತ್ತಿದ್ದರು, ನೆಂಟರ ಪೈಕಿಯವಳೋ ಎಂಬಂತೆ.

ಮೇಡಂ ಹೆಸರು ಮಾಡಿದ್ದು ಆ ನೀಲಿಗೈಯವಳಿಂದಲೇ. ಬಣ್ಣಗಾರರ ಓಣಿಗೆ ಒಮ್ಮೆ ದೊಡ್ಡ ಬೆಂಕಿ ಬಿದ್ದಿತ್ತು. ಬೆಂಕಿಯಲ್ಲಿ ಗಂಡಸರು ಸತ್ತರು, ತೊಟ್ಟಿ ನಡೆಸಲು ಕೈ ಸಾಲದೆ ಹಿರಿಯರು ವಿಧವೆಯರನ್ನು ಒಳಗೆ ಬಿಟ್ಟುಕೊಂಡರು, ನೀಲಿಗೈಯವಳೂ ಅವಳಂಥ ಇನ್ನೂ ಆರು ಮಂದಿಯೂ ಹಾಗೆ ಬಂದವರು ಎಂದು ಅವರು ಬರೆದರು. ‘ಬೆಂಕಿ ತೆರೆದ ಬಾಗಿಲು’ ಎಂದು ಪುಸ್ತಕದ ಹೆಸರು. ಹನ್ನೊಂದು ವರ್ಷ ಹಿಡಿದ ಪುಸ್ತಕ. ಅದನ್ನು ಓದಿ ಬೆಳೆದವರು ಈಗ ಎಷ್ಟೋ ಕಡೆ ಪ್ರೊಫೆಸರುಗಳು. ಉಪನ್ಯಾಸದ ದಿನವೇ ಅದರ ಹೊಸ ಮುದ್ರಣ ಬರುವುದಿತ್ತು.

ಗೋಂದಣ್ಣ ಮಾರನೆಯ ಬೆಳಗ್ಗೆ ಕೆಲಸಕ್ಕೆ ಕೂತ. ರಟ್ಟು ಬಿಡಿಸಿದ, ಹಳೆಯ ಗೋಂದಿಗೆ ಒದ್ದೆ ಬಟ್ಟೆ ಇಟ್ಟು ನೆನೆಸಿದ, ದಾರ ಕತ್ತರಿಸಿದ. ಹದಿನಾಲ್ಕು ಕಂತೆಗಳು. ಒಂದೊಂದರಲ್ಲಿ ಎಂಟೆಂಟು ಹಾಳೆ. ಬಲದಿಂದ ಶುರುವಾಗುವ ಪುಸ್ತಕವಾದ್ದರಿಂದ ಬಲಗಡೆಯಿಂದಲೇ ಸಾಲಾಗಿ ಇಟ್ಟುಕೊಂಡ. ಕಿಟಕಿಯ ಬೆಳಕಿಗೆ ಒಂದೊಂದೇ ಹಾಳೆ ಹಿಡಿದು ಸವೆದ ಅಂಚು ನೋಡುತ್ತ ಬಂದ.

ಆ ಲಿಪಿ ಬಾರದವನ ಕಣ್ಣು ಅಕ್ಷರ ಬಿಟ್ಟು ಉಳಿದದ್ದನ್ನೆಲ್ಲ ನೋಡುತ್ತದೆ. ಮೂಲ ದಫ್ತರಕ್ಕೆ ಹುಳು ಬಿದ್ದಿತ್ತು. ಫೋಟೋದಲ್ಲಿ ಹುಳು ಕೊರೆದ ತೂತು ಕರೀ ಚುಕ್ಕೆಯಾಗಿ ಮೂಡಿತ್ತು. ಮೊದಲ ಹಾಳೆಯಲ್ಲಿ ಗೋಲಿಯಷ್ಟಿದ್ದ ಚುಕ್ಕೆ ಹಾಳೆ ಹಾಳೆಗೂ ಕಿರಿದಾಗುತ್ತ ಮೂರನೆಯ ಕಂತೆಯ ಕೊನೆಗೆ ಕಡಲೆಯಷ್ಟಾಗಿತ್ತು. ನಾಲ್ಕನೆಯ ಕಂತೆ ಎತ್ತಿದ. ಚುಕ್ಕೆ ಒಮ್ಮೆಲೇ ಸಾಸಿವೆಯಷ್ಟು.

ಗೋಂದಣ್ಣನ ಕೈ ನಿಂತಿತು. ಹುಳು ಹಾರುವುದಿಲ್ಲ. ಹುಳುವಿಗೆ ಅವಸರವಿಲ್ಲ. ಅದು ತಿಂದುಕೊಂಡೇ ದಾರಿ ಮಾಡಬೇಕು.

ನಾಲ್ಕನೆಯ ಕಂತೆಯಲ್ಲಿ ಸಾಸಿವೆ ಸವೆದು ಸವೆದು ಇಲ್ಲವಾಯಿತು. ಐದು, ಆರು, ಏಳು, ಹತ್ತರವರೆಗೂ ಹಾಳೆಗಳು ಶುಭ್ರ. ಹನ್ನೊಂದನೆಯದನ್ನು ಎತ್ತಿದಾಗ ಮತ್ತೆ ಚುಕ್ಕೆ! ಮೊದಲ ಹಾಳೆಯಲ್ಲಿ ಕಡಲೆ. ಎಂಟನೆಯ ಹಾಳೆಯಲ್ಲಿ ಸಾಸಿವೆ. ಅದನ್ನು ಒಯ್ದು ಮೂರು ನಾಲ್ಕರ ನಡುವೆ ಇಟ್ಟ. ಹುಳುವಿನ ದಾರಿ ಎಳೆದ ದಾರದ ಹಾಗೆ ಸರಾಗವಾಗಿ ಹರಿಯಿತು.

ಮೂವತ್ತೊಂದು ವರ್ಷದ ಹಿಂದೆ ಇದನ್ನು ಹೊಲಿದ ದಿನ ಅವನ ಕಣ್ಣ ಮುಂದೆ ಬಂತು. ನೆನಪಿನ ವಿಷಯದಲ್ಲಿ ಗೋಂದಣ್ಣ ಕೆಟ್ಟ ಮನುಷ್ಯ, ಒಂದೂ ಮರೆಯುವುದಿಲ್ಲ. ಕಂತೆಗಳು ಲಕೋಟೆಗಳಲ್ಲಿ ಬಂದಿದ್ದವು, ಅಂಕಿ ಇದ್ದದ್ದು ಲಕೋಟೆಯ ಮೇಲೆ ಮಾತ್ರ. ಲಕೋಟೆ ಹರಿದು ಬುಟ್ಟಿಗೆ ಹಾಕಿದ್ದ. ನಾಲ್ಕನೆಯ ಕಂತೆ ಯಾಕೋ ಸುರುಳಿ ಸುತ್ತಿಕೊಳ್ಳುತ್ತಿತ್ತೆಂದು ಅದೊಂದನ್ನೇ ಮೂರು ದಿನ ಭಾರದ ಕೆಳಗೆ ಒತ್ತಿಗೆ ಇಟ್ಟಿದ್ದ. ಆಮೇಲೆ ತೆಗೆದು ಸಾಲಿಗೆ ಸೇರಿಸುವಾಗ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದ್ದು ನಿಜ. ಎಣಿಸಿದ್ದು ಎಡದಿಂದ. ಜನ್ಮವೆಲ್ಲ ಎಡದಿಂದ ಎಣಿಸಿದ ಕೈ. ‘ಇದು ಬಲದಿಂದ ಗೋಂದಣ್ಣ, ಬಲದಿಂದ’ ಎಂದು ಆ ಹುಡುಗಿ ಮೂರು ಸಲ ಹೇಳಿದ್ದಳು. ಎಡದಿಂದ ನಾಲ್ಕು ಎಂದರೆ ಬಲದಿಂದ ಹನ್ನೊಂದು.

ಆ ಕಂತೆಯಲ್ಲಿ ಏನಿದೆಯೆಂದು ಓದಲು ಬಾರದಿದ್ದರೂ ಅವನಿಗೆ ಗೊತ್ತಿತ್ತು. ಅದರ ಐದನೆಯ ಹಾಳೆಯ ಅಂಚು ಮೂವತ್ತು ವರ್ಷ ಮೇಡಂ ಹೆಬ್ಬೆರಳು ತಗಲಿ ತಗಲಿ ಮಾಸಿತ್ತು. ಅದು ನೀಲಿಗೈಯವಳ ಹಾಳೆ. ಬೆಂಕಿಯ ಸುದ್ದಿ ಇರುವುದು ನಡುವಿನ ಕಂತೆಗಳಲ್ಲಿ ಎಂದು ಮೇಡಂ ಹಿಂದೆಯೇ ಹೇಳಿದ್ದರು.

ಊಟಕ್ಕೆ ಮನೆಗೆ ಹೋದವನು ತಟ್ಟೆಯಲ್ಲಿನ ಅನ್ನವನ್ನು ಬೆರಳಲ್ಲಿ ಒತ್ತುತ್ತ ಕೂತ.

"ಏನ್ರೀ, ಅನ್ನಕ್ಕೂ ಬೈಂಡಿಂಗ್ ಮಾಡ್ತೀರೋ ಹೇಗೆ? ಬರೀ ಒತ್ತುತ್ತಾ ಕೂತಿದೀರಿ," ಎಂದಳು ಹೆಂಡತಿ.

ಅವನು ಎಲ್ಲ ಹೇಳಿದ. ಅವಳು ಓದಿದವಳಲ್ಲದಿದ್ದರೂ ಸೂಕ್ಷ್ಮದವಳು. ನಡುವೆ ಒಂದೇ ಪ್ರಶ್ನೆ ಕೇಳಿದಳು. "ಅಂದ್ರೆ ಅವಳು ತೊಟ್ಟಿ ಹಿಡಿದದ್ದು ಬೆಂಕಿಗಿಂತ ಮುಂಚೆನಾ?"

"ಹುಳ ಹಂಗೇ ಹೇಳುತ್ತೆ."

"ಹಂಗಾದ್ರೆ ಮೇಡಮ್ಮನ ಪುಸ್ತಕ?"

ಗೋಂದಣ್ಣ ತನ್ನ ಕೈಗಳನ್ನೇ ನೋಡಿಕೊಂಡ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಆ ದೊಣ್ಣೆ ಈಗ ತನ್ನ ಕೈಯಲ್ಲಿದೆ. ಮಡಕೆ ಮಾಡುವಾಗ ಮಣ್ಣಲ್ಲಿ ಕಲ್ಲು ಬೆರೆಸಿದ್ದೂ ತಾನೇ.

"ಇದ್ದ ಹಾಗೇ ಹೊಲಿದುಬಿಡಿ," ಎಂದಳು ಹೆಂಡತಿ. "ಹದಿನೈದು ದಿನದಲ್ಲಿ ಹಾರ ಹಾಕಿಸ್ಕೊಂಡು ಮನೆಗೆ ಹೋಗೋ ಹೆಣ್ಣುಮಗಳು. ಹುಳಾನ ಮುನ್ನೂರು ವರ್ಷ ಯಾರೂ ಮಾತಾಡಿಸಿಲ್ಲ, ಇನ್ನು ಮುನ್ನೂರು ವರ್ಷ ಬಾಯ್ಮುಚ್ಕೊಂಡಿರ್ಲಿ."

"ಹೊಲೀಬಹುದು ಕಣೇ. ಯಾರಿಗೂ ತಿಳಿಯಲ್ಲ."

"ಮತ್ತೆ?"

"ನಂಗೆ ತಿಳಿದಿದೆಯಲ್ಲ. ಸೂಜಿ ಚುಚ್ಚಿದಾಗೆಲ್ಲ ತಿಳೀತಾ ಇರುತ್ತೆ."

ಅವಳು ಅವನ ತಟ್ಟೆಗೆ ಮಜ್ಜಿಗೆ ಸುರಿದಳು. ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ಅಂದಳು: "ನಮ್ಮ ನೀಲಿಗೈಯವಳನ್ನ ಯಾರೂ ಅಯ್ಯೋ ಪಾಪ ಅಂತ ಒಳಗೆ ಬಿಟ್ಕೊಂಡಿದ್ದಲ್ಲ ಹಂಗಾದ್ರೆ. ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು."

ಗೋಂದಣ್ಣ ಆ ಮಧ್ಯಾಹ್ನವೇ ಮೂರನೆಯ ಮಹಡಿ ಹತ್ತಿದ. ಮೇಡಂ ಕೋಣೆಯಲ್ಲಿ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ಗೋಡೆಯಲ್ಲಿ ಚಿತ್ರ ತೆಗೆದ ಕಡೆ ಬಿಳೀ ಚೌಕಗಳು.

"ಅಮ್ಮಾ, ಒಂದು ತಪ್ಪಾಗಿದೆ," ಎಂದ ನಿಂತುಕೊಂಡೇ.

"ಹಾಳೆ ಹರೀತಾ?"

"ಹರಿದಿದ್ರೆ ಅಂಟಿಸ್ತಿದ್ದೆ."

ಕಂತೆಗಳನ್ನು ಅವರ ಮೇಜಿನ ಮೇಲೆ ಬಲದಿಂದ ಹರಡಿದ. ಆ ಅಕ್ಷರ ಬಾರದವನು ಅದನ್ನು ಬಲ್ಲವರಿಗೆ ಹುಳುವಿನ ದಾರಿಯನ್ನು ಬೆರಳಿಟ್ಟು ಓದಿ ಹೇಳಿದ. ಒತ್ತಿಗೆ ಇಟ್ಟದ್ದು, ಎಡದಿಂದ ಎಣಿಸಿದ್ದು, ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ, ಬೈಗುಳ ಬೀಳುವುದನ್ನು ಕಾಯುವವನಂತೆ ಗೋಡೆಗೆ ಒರಗಿದ.

ಮೇಡಂ ಮೇಜಿನ ದೀಪ ಹಾಕಿದರು. ಕುರ್ಚಿ ಎಳೆದುಕೊಂಡು ಭೂತಗನ್ನಡಿ ತೆಗೆದರು. ಒಂದು ಗಂಟೆಯಾಯಿತು. ಮೂವತ್ತು ವರ್ಷದ ಹಿಂದಿನ ಹಾಗೆ ಮುಖ ಕೆಂಪಾಗಿ, ತುಟಿ ಅಲ್ಲಾಡುತ್ತಿತ್ತು. ಗೋಂದಣ್ಣನಿಗೆ ಕೂತುಕೊಳ್ಳಲೂ ಧೈರ್ಯವಿಲ್ಲ, ಹೋಗಲೂ ಮನಸ್ಸಿಲ್ಲ.

"ಈ ಗುಮಾಸ್ತ," ಎಂದರು ಕೊನೆಗೆ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. "ಇವನು ದಿನ, ತಿಂಗಳು ಬರೀತಾನೆ. ವರ್ಷ ಬರೆಯೋದು ಹೊಸ ವರ್ಷ ಶುರುವಾದಾಗ ಒಂದೇ ಸಲ. ಈ ಕಂತೇಲಿ ವರ್ಷ ಇಲ್ಲ, ಅದಕ್ಕೆ ಕೂತ ಜಾಗ ನೋಡಿ ನಾನೇ ವರ್ಷ ಕಟ್ಟಿದೆ. ನಾಲ್ಕರ ಜಾಗದಲ್ಲಿ ಎರಡು ತಿಂಗಳು ಇರ್ಲಿಲ್ಲ, ಕಳೆದುಹೋಗಿದೆ ಅಂದುಕೊಂಡೆ. ಹನ್ನೊಂದರ ಜಾಗದಲ್ಲೂ ಅವೇ ಎರಡು ತಿಂಗಳು ಇರ್ಲಿಲ್ಲ. ಅಲ್ಲಿ ಇದು ಹೇಳಿ ಮಾಡಿಸಿದ ಹಾಗೆ ಕೂತಿತ್ತು."

"ಹಂಗಾದ್ರೆ ಹುಳಾನೇ ತಪ್ಪಿರಬಹುದಾ ಅಮ್ಮಾ?" ಗೋಂದಣ್ಣನ ದನಿಯಲ್ಲಿ ಆಸೆ ಇತ್ತು.

ಅವರು ಪೆಟ್ಟಿಗೆಯಿಂದ ತಮ್ಮ ಪುಸ್ತಕ ಹೊರಗೆ ತೆಗೆದು ಹಾಳೆ ಮಗುಚಿದರು. ಒಂದು ಅಡಿಟಿಪ್ಪಣಿಯ ಮೇಲೆ ಬೆರಳಿಟ್ಟರು. "ಇದೇ ಕಂತೇಲಿ ಒಂದು ಕಡೆ ಗುಮಾಸ್ತ ವಾರಾನೂ ಬರೆದಿದಾನೆ. ಶುಕ್ರವಾರ ನಮಾಜಿನ ನಂತರ ಅಂತ. ನಾನು ಕಟ್ಟಿದ ವರ್ಷದಲ್ಲಿ ಆ ದಿನ ಮಂಗಳವಾರ ಬರುತ್ತೆ. ಅದಕ್ಕೆ ನಾನು ಇಲ್ಲಿ ಏನು ಬರೆದಿದೀನಿ ಗೊತ್ತಾ? ‘ಗುಮಾಸ್ತನ ಕೈತಪ್ಪು’."

ಕಾಗದ ತೆಗೆದುಕೊಂಡು ಲೆಕ್ಕ ಹಾಕಿದರು. ನಾಲ್ಕರ ಜಾಗದ ವರ್ಷ, ಅಂದರೆ ಬೆಂಕಿಗೆ ಎರಡು ವರ್ಷ ಮೊದಲು, ಅದೇ ತಿಂಗಳು, ಅದೇ ತಾರೀಖು. ಒಮ್ಮೆ ಹಾಕಿದರು, ಹೊಡೆದು ಹಾಕಿ ಮತ್ತೊಮ್ಮೆ ಹಾಕಿದರು. ಪೆನ್ಸಿಲ್ ಕೆಳಗಿಟ್ಟರು.

"ಶುಕ್ರವಾರ," ಎಂದರು.

ಗೋಂದಣ್ಣನ ಕಣ್ಣಲ್ಲಿ ನೀರು ಬಂತು. "ನನ್ನ ಕೈ ಕತ್ತರಿಸಿ ಹಾಕ್ಬೇಕಮ್ಮ."

"ಸುಮ್ನಿರಿ, ಆ ಕೈಯಿಂದ ಇನ್ನೂ ಹೊಲಿಸೋದಿದೆ." ಅವರು ಎದ್ದು ಕಿಟಕಿಯ ಹತ್ತಿರ ಹೋದರು. ಅವರ ಬೆನ್ನು ಮಾತ್ರ ಅವನಿಗೆ ಕಾಣುತ್ತಿತ್ತು. ಒಮ್ಮೆ ಸೆರಗಿನಿಂದ ಮುಖ ಒರೆಸಿಕೊಂಡರು. ತಿರುಗಿದಾಗ ದನಿ ಸರಿಹೋಗಿತ್ತು. "ಪ್ರೆಸ್ಸಿಗೆ ಫೋನ್ ಮಾಡ್ಬೇಕು. ಮುದ್ರಣ ನಿಲ್ಲಿಸಿ ಅಂತ."

ಉಪನ್ಯಾಸದ ದಿನ ಸಭಾಂಗಣದಲ್ಲಿ ಎಳ್ಳು ಹಾಕಿದರೂ ಕೆಳಗೆ ಬೀಳದಷ್ಟು ಜನ. ಗೋಂದಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಹತ್ತಿರವಾಗಿ ಕೂತ. ಓಡುವುದಿದ್ದರೆ ಅನುಕೂಲ. ಪಕ್ಕದಲ್ಲಿ ಹೆಂಡತಿ. ‘ನೀಲಿಗೈಯವಳ ವಿಷಯ, ನಾನೂ ಬರ್ತೀನಿ’ ಎಂದು ಹಟ ಹಿಡಿದು ಬಂದಿದ್ದಳು.

ಹೊಗಳಿಕೆಯೆಲ್ಲ ಮುಗಿದ ಮೇಲೆ ಮೇಡಂ ಎದ್ದು, "ನನ್ನ ಪುಸ್ತಕದ ಮುಖ್ಯ ಮಾತು ತಪ್ಪು," ಎಂದು ಶುರುಮಾಡಿದರು.

ಅವರು ಮುಚ್ಚುಮರೆಯಿಲ್ಲದೆ ಹೇಳಿದರು: ಹುಳು, ಕಡಲೆ, ಸಾಸಿವೆ, ಶುಕ್ರವಾರ. ಬೆಂಕಿ ಯಾವ ಬಾಗಿಲನ್ನೂ ತೆರೆಯಲಿಲ್ಲ. ಬಾಗಿಲು ಮೊದಲೇ ತೆರೆದಿತ್ತು. ಕೆಲಸ ಬಲ್ಲವಳು ಎಂಬ ಒಂದೇ ಕಾರಣಕ್ಕೆ ಓಣಿಯ ಹಿರಿಯರು ಅವಳ ಪರ ನಿಂತಿದ್ದರು. "ಅಂಥ ಜನ ಇಕ್ಕಟ್ಟಿಗೆ ಸಿಕ್ಕಿದ್ರೆ ಮಾತ್ರ ಒಳ್ಳೇವರಾಗ್ತಾರೆ ಅಂತ ನನಗೆ ಗೊತ್ತಿಲ್ಲದೇ ನಾನೂ ನಂಬಿದ್ದೆ," ಎಂದರು. "ಬೇರೆಯವರು ಒಂದೇ ಗೆರೆ ಎಳೀತಾರೆ ಅಂತ ಮೂವತ್ತು ವರ್ಷ ಬೈದೆ. ನನ್ನ ಕೈಲೂ ಒಂದು ಸೀಸದಕಡ್ಡಿ ಇತ್ತು."

ಮುಂದಿನ ಸಾಲಿನಿಂದ ಸುಲ್ತಾನ್ ಸಾಹೇಬರು ಎದ್ದರು. ಅವರಿಗೂ ಈಗ ಕೋಲು ಬಂದಿತ್ತು. "ಹಾಗಾದರೆ ಮೇಡಂ, ತಪ್ಪು ಬೈಂಡರ್‌ದು ಅಂದಹಾಗಾಯ್ತು."

ಗೋಂದಣ್ಣನ ಕೈ ಕುರ್ಚಿಯ ತೋಳನ್ನು ಹಿಡಿದುಕೊಂಡಿತು.

"ಇಲ್ಲ ಸಾರ್. ಅವರಿಗೆ ಆ ಲಿಪಿ ಬರಲ್ಲ, ನನಗೆ ಬರುತ್ತೆ. ವಾರ ತಾಳೆಯಾಗಲಿಲ್ಲ ಅಂದಾಗ ನಾನು ನನ್ನನ್ನ ಅನುಮಾನಿಸ್ಬೇಕಿತ್ತು. ಸತ್ತು ಮುನ್ನೂರು ವರ್ಷ ಆದ, ಎದುರು ಮಾತಾಡೋಕೆ ಆಗದೇ ಇರೋ ಒಬ್ಬ ಗುಮಾಸ್ತನ ಮೇಲೆ ಹೊರಿಸಿಬಿಟ್ಟೆ. ಅವನು ಸರಿಯಾಗೇ ಬರೆದಿದ್ದ." ಮೇಡಂ ಮೇಜಿನ ಮೇಲಿದ್ದ ಕಂತೆಗಳ ಕಡೆ ತಿರುಗಿದರು. "ಇವತ್ತು ನಾನು ಕ್ಷಮೆ ಕೇಳ್ಬೇಕಾಗಿರೋದು ಅವನ ಹತ್ತಿರ. ಕೇಳ್ತಿದೀನಿ."

ಸುಲ್ತಾನ್ ಸಾಹೇಬರು ಕೂರಲಿಲ್ಲ. ಕೋಲೂರಿಕೊಂಡು ವೇದಿಕೆಯ ಹತ್ತಿರ ಹೋಗಿ, ಅಲ್ಲಿ ಮೇಜಿನ ಮೇಲೆ ಹರಡಿದ್ದ ಕಂತೆಗಳ ಮೇಲೆ ಬಾಗಿ, ಚುಕ್ಕೆ ಚುಕ್ಕೆಗೂ ಬೆರಳಿಡುತ್ತ ಬಲದಿಂದ ಎಡಕ್ಕೆ ಬಂದರು. ನೋಡಿ ಮುಗಿಸಿ ತಲೆ ಎತ್ತಿದರು. "ನನ್ನ ಸುಲ್ತಾನರಲ್ಲಿ ಒಬ್ಬನೂ ಹೀಗೆ ಸೋಲೊಪ್ಪಿದ್ದಿಲ್ಲ," ಎಂದರು. ಕೆಣಕುವ ದನಿ ಅದಾಗಿರಲಿಲ್ಲ. ಚಪ್ಪಾಳೆ ಹಿಂದಿನ ಸಾಲಿನಿಂದ ಶುರುವಾಯಿತು. ಶುರುಮಾಡಿದವಳು ಗೋಂದಣ್ಣನ ಹೆಂಡತಿ.

ಮಾರನೆಯ ದಿನ ನೆಲಮಾಳಿಗೆಯಲ್ಲಿ ಹೊಲಿಗೆ. ಗೋಂದಣ್ಣನ ಹೆಂಡತಿಯೂ ನೋಡಲು ಬಂದು ಬಾಗಿಲ ಹತ್ತಿರ ಕೂತಿದ್ದಳು. ಮೇಡಂ ಹಳೆಯ ಹಾಗೆ ನೆಲದ ಮೇಲೆ ಕೂತಿದ್ದರು, ಏಳುವಾಗ ಮಾತ್ರ ಕೈ ಕೊಡಬೇಕಾಗುತ್ತಿತ್ತು. ಗೋಂದಣ್ಣ ದಬ್ಬಣ ಕೈಗೆ ತೆಗೆದುಕೊಳ್ಳುವ ಮುಂಚೆ ಜೋರಾಗಿ ಎಣಿಸಿದ. ಮೇಡಂ ಜೊತೆಗೂಡಿದರು. ಬಲದಿಂದ ಒಂದು. ಬಲದಿಂದ ಎರಡು. ಮೂರು. "ನಾಲ್ಕು," ಎಂದು ನೀಲಿಗೈಯವಳ ಕಂತೆಯನ್ನು ಅದರ ಜಾಗಕ್ಕೆ ಇಟ್ಟು ಗೋಂದಣ್ಣ ಅಂಗೈಯಿಂದ ಸವರಿದ.

ಸಂಜೆಗೆ ಹೊಲಿಗೆ ಮುಗಿಯಿತು. ಕೊನೆಯ ಖಾಲಿ ಹಾಳೆಯ ಮೇಲೆ ಮೇಡಂ ಬರೆಯತೊಡಗಿದರು: ಇಂಥ ದಿನ, ಇಂಥ ವಾರ, ದಾರಿ ತಪ್ಪಿದ್ದ ಕಂತೆ ತನ್ನ ಜಾಗಕ್ಕೆ ಬಂತು. ಕೆಳಗೆ ‘ಹಾಜರಿದ್ದವರು’ ಎಂದು ಬರೆದು ಪೆನ್ನು ಅವನ ಕಡೆ ಚಾಚಿದರು. "ಹೆಸರು ಬರೀರಿ ಗೋಂದಣ್ಣ. ಪೂರ್ತಿ ಹೆಸರು."

ಗೋಂದಣ್ಣ ಪೆನ್ನು ತೆಗೆದುಕೊಳ್ಳಲಿಲ್ಲ. "ಆ ಗುಮಾಸ್ತನ ಹೆಸರು ಏನಮ್ಮ?"

"ಗೊತ್ತಿಲ್ಲ. ಅವನು ಎಲ್ಲರ ಹೆಸರೂ ಬರೆದ, ತನ್ನದು ಬರೀಲಿಲ್ಲ."

"ಹಂಗಾದ್ರೆ ನಂದೂ ಬೇಡ. ಬೈಂಡರ್ ಅಂತ ಬರೀರಿ, ಸಾಕು." ಸ್ವಲ್ಪ ಯೋಚಿಸಿ ಸೇರಿಸಿದ, "ಅವನ ಹೆಂಡತಿ ಅಂತಾನೂ ಬರೀರಿ. ಇಲ್ಲಾಂದ್ರೆ ಇವತ್ತು ಮನೇಲಿ ನಂಗೆ ಊಟ ಇಲ್ಲ."

ಮೇಡಂ ನಕ್ಕು ಹಾಗೇ ಬರೆದರು. ಶಾಯಿ ಆರುವವರೆಗೂ ಗೋಂದಣ್ಣ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡಿದ್ದ.